ನಕ್ಷೆ ಸಿಗದ ಹಳೆಯ ವಾಲ್ವ್ ಗಿಟಾರ್ ಆಂಪ್: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಫೆಂಡರ್, ಮಾರ್ಷಲ್, ವೋಕ್ಸ್ ಕಂಪನಿಗಳ ಹಳೆಯ ಆಂಪ್ಲಿಫೈಯರ್ ಕೆಟ್ಟರೆ ಸರ್ಕ್ಯೂಟ್ ನಕ್ಷೆ, ಬಿಡಿಭಾಗ, ಬಲ್ಲವರ ಸಲಹೆ ಎಲ್ಲವೂ ಸುಲಭವಾಗಿ ಸಿಗುತ್ತವೆ. ಸುಪ್ರೊ, ಏರ್‌ಲೈನ್, ಸಿಲ್ವರ್‌ಟೋನ್, ಪ್ರೀಮಿಯರ್, ಮ್ಯಾಗ್ನಟೋನ್, ಸೆಲ್ಮರ್, ವಾಟ್ಕಿನ್ಸ್, ಗೆಲೋಸೊ, ಟೀಸ್ಕೊ ಎಂಬ ಹೆಸರು ಹೊತ್ತ ಪೆಟ್ಟಿಗೆಗಳ ಪಾಡು ಬೇರೆ. ಎಷ್ಟೋ ಮಾದರಿಗಳ ನಕ್ಷೆಯೇ ಉಳಿದಿಲ್ಲ. ಉಳಿದಿದ್ದರೂ ಪೆಟ್ಟಿಗೆಯೊಳಗಿರುವುದಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಗುಂಯ್‌ಗುಟ್ಟಿತೆಂದು ಒಳಗಿನ ಕೆಪಾಸಿಟರ್, ರೆಸಿಸ್ಟರ್‌ಗಳನ್ನೆಲ್ಲ ಕಿತ್ತು ಹೊಸದು ಹಾಕುವವರಿದ್ದಾರೆ. ಅದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ನಕ್ಷೆಯಿಲ್ಲದ ಯಂತ್ರದಲ್ಲಿ ಮೂಲ ಬಿಡಿಭಾಗಗಳೇ ನಕ್ಷೆ. ಒಂದೊಂದನ್ನು ಕಿತ್ತಾಗಲೂ ಆ ನಕ್ಷೆಯ ಒಂದು ತುಂಡು ಅಳಿಸಿಹೋಗುತ್ತದೆ. ಆದ್ದರಿಂದ ಇಲ್ಲಿ ಹೇಳುವ ಕ್ರಮ ನಿಧಾನದ್ದು: ಮೊದಲು ಕಣ್ಣು, ಕಿವಿ, ಮೂಗು, ಆಮೇಲೆ ಮೀಟರ್, ಕಡೆಗೆ ಬೆಸುಗೆ ಕಡ್ಡಿ.

## ಮುಚ್ಚಳ ತೆಗೆಯುವ ಮೊದಲು

ಪ್ಲಗ್ ಕಿತ್ತ ಮಾತ್ರಕ್ಕೆ ವಾಲ್ವ್ (ಸಿಗ್ನಲನ್ನು ಹಿಗ್ಗಿಸುವ ಗಾಜಿನ ನಳಿಗೆ) ಆಂಪ್ ನಿರಪಾಯಕಾರಿಯಾಗುವುದಿಲ್ಲ. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು (ಡಿ.ಸಿ.ಯ ಏರಿಳಿತ ಸಮ ಮಾಡುವವು) 250ರಿಂದ 450 ವೋಲ್ಟ್‌ವರೆಗಿನ ಡಿ.ಸಿ. ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಪ್ರಾಣ ತೆಗೆಯಲು ಅಷ್ಟು ಸಾಕು. ಪ್ಲಗ್ ಕಿತ್ತ ಬಳಿಕ 10 ಕಿಲೊಓಮ್, 5 ವಾಟ್‌ನ ರೆಸಿಸ್ಟರ್ ಒಂದನ್ನು ಇನ್ಸುಲೇಷನ್ ಇರುವ ಕ್ಲಿಪ್ ತಂತಿಗಳ ಮೂಲಕ ಪ್ರತಿ ಫಿಲ್ಟರ್ ಕೆಪಾಸಿಟರಿನ ಧನ ತುದಿಗೂ ಚಾಸಿಸ್‌ಗೂ (ಆಂಪಿನ ಲೋಹದ ಚೌಕಟ್ಟಿಗೂ) ನಡುವೆ ಕೆಲವು ಸೆಕೆಂಡು ಹಿಡಿಯಿರಿ. ನಂತರ ಮೀಟರಿನಲ್ಲಿ ಅಳೆಯಿರಿ. 10 ವೋಲ್ಟ್‌ಗಿಂತ ಕೆಳಗಿಳಿದ ಮೇಲಷ್ಟೇ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ಷಾರ್ಟ್ ಮಾಡಿ ಕಿಡಿ ಹಾರಿಸುವ ಅಭ್ಯಾಸ ಬೇಡ. ವಿದ್ಯುತ್ ಇರುವಾಗ ಅಳೆಯಬೇಕಾಗಿ ಬಂದರೆ ಒಂದು ಕೈ ಬೆನ್ನ ಹಿಂದಿರಲಿ, ಮೈಮೇಲೆ ಉಂಗುರ, ಗಡಿಯಾರ ಇರಬಾರದು, ಕೋಣೆಯಲ್ಲಿ ಇನ್ನೊಬ್ಬರಿರಲಿ. ಈ ಮಾತುಗಳನ್ನು ಓದಿ ಮನಸ್ಸು ಹಿಂಜರಿದರೆ, ಹೊರಗಿನಿಂದ ಮಾಡಬಹುದಾದ ಪರೀಕ್ಷೆಗಳನ್ನಷ್ಟೇ ಮಾಡಿ, ಉಳಿದದ್ದನ್ನು ಬಲ್ಲವರಿಗೆ ಬಿಡಿ.

ಸ್ಪೀಕರ್ ಜೋಡಿಸದೆ ಆಂಪ್ ನುಡಿಸಲೇಬೇಡಿ. ಭಾರವಿಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಜಿಗಿದು ಸುರುಳಿಯೇ ಸುಟ್ಟುಹೋಗಬಹುದು. ವಾಲ್ವ್‌ಗಳ ಮೇಲ್ಭಾಗದ ಮರಕ್ಕೆ ಬೂದು ಬಣ್ಣದ ಹಳೆಯ ಶಾಖತಡೆ ಹಾಳೆ ಅಂಟಿಸಿದ್ದರೆ ಕೆರೆಯಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಆಂಪನ್ನು ನೇರವಾಗಿ ಮೇನ್ಸ್‌ಗೆ (ಗೋಡೆಯ ವಿದ್ಯುತ್ತಿಗೆ) ಹಾಕಬಾರದು. 60 ಅಥವಾ 100 ವಾಟ್‌ನ ಹಳೆಯ ಬಗೆಯ ತಂತುವಿನ ಬಲ್ಬ್ ಒಂದನ್ನು ಸರಣಿಯಲ್ಲಿ ಜೋಡಿಸಿ, ಅದರ ಮೂಲಕ ಕೊಡಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಮುಂದುವರಿಯಬಹುದು. ಪೂರ್ತಿ ಪ್ರಕಾಶದಲ್ಲೇ ಉಳಿದರೆ ಒಳಗೆ ಷಾರ್ಟ್ ಇದೆ, ಆಗ ಕೂಡಲೇ ಆರಿಸಿ. ಆಂಪ್ ಯಾವ ಮೇನ್ಸ್‌ಗೆ ತಯಾರಾದದ್ದೆಂದು ಹಿಂಬದಿಯ ಫಲಕದಲ್ಲಿ ಮೊದಲೇ ನೋಡಿಕೊಳ್ಳಿ. 110 ಅಥವಾ 117 ವೋಲ್ಟ್ ಎಂದಿರುವ ಅಮೆರಿಕದ ಆಂಪ್‌ಗೆ 230 ವೋಲ್ಟ್ ಇರುವ ಕಡೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. 60 ಹರ್ಟ್ಸ್‌ಗಷ್ಟೇ ಮಾಡಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ ಎಂಬುದೂ ನೆನಪಿರಲಿ.

## ಮನೆತನ ಗುರುತಿಸುವುದು

ಹೆಸರಿಗಿಂತ ಹೊಟ್ಟೆಯೊಳಗಿನದು ಮುಖ್ಯ. ಷಿಕಾಗೊದ ವಾಲ್ಕೊ ಕಂಪನಿ ಸುಪ್ರೊ, ನ್ಯಾಷನಲ್ ಹೆಸರಿನಲ್ಲೂ, ಮಾಂಟ್‌ಗೊಮರಿ ವಾರ್ಡ್ ಮಳಿಗೆಗಳಿಗಾಗಿ ಏರ್‌ಲೈನ್ ಹೆಸರಿನಲ್ಲೂ ಆಂಪ್ ಮಾಡಿತು. ಗ್ರೆಚ್ ಹೆಸರಿನ ಹಲವು ಆಂಪ್‌ಗಳೂ ಅಲ್ಲಿಯವೇ. ಸಿಯರ್ಸ್ ಮಾರಿದ ಸಿಲ್ವರ್‌ಟೋನ್‌ಗಳಲ್ಲಿ ಅನೇಕವು ನ್ಯೂಜೆರ್ಸಿಯ ಡ್ಯಾನೆಲೆಕ್ಟ್ರೊ ಕಾರ್ಖಾನೆಯವು. ನಿಮ್ಮ ಮಾದರಿಯ ನಕ್ಷೆ ಸಿಗದಿದ್ದರೂ ಅದರ ಒಡಹುಟ್ಟಿನ ನಕ್ಷೆ ಸಿಕ್ಕೀತು.

ವಾಲ್ವ್‌ಗಳ ಜಾಗ ತೋರಿಸುವ ಕಾಗದ ಪೆಟ್ಟಿಗೆಯ ಒಳಗೋಡೆಗೆ ಅಂಟಿದೆಯೇ ನೋಡಿ. ಅಮೆರಿಕದ ಬಿಡಿಭಾಗಗಳ ಮೇಲೆ ಒತ್ತಿದ ಅಂಕಿಗಳು ತಯಾರಕರನ್ನೂ ಕಾಲವನ್ನೂ ಹೇಳುತ್ತವೆ. ವಾಲ್ಯೂಮ್ ಕಂಟ್ರೋಲಿನ ಬೆನ್ನ ಮೇಲೆ 1376312 ಎಂದಿದ್ದರೆ 137 ಎಂಬುದು ಸಿಟಿಎಸ್ ಕಂಪನಿ, 63 ಎಂಬುದು 1963, ಕೊನೆಯ 12 ಆ ವರ್ಷದ ಹನ್ನೆರಡನೆಯ ವಾರ. ಸ್ಪೀಕರಿನ ಅಂಚಿನಲ್ಲಿ 220 ಎಂದು ಆರಂಭವಾದರೆ ಜೆನ್ಸನ್, 465 ಆದರೆ ಆಕ್ಸ್‌ಫರ್ಡ್. ಎರಡು ಮೂರು ಬಿಡಿಭಾಗಗಳ ಕಾಲ ಹೊಂದಿಕೊಂಡು ಒಂದು ಮಾತ್ರ ಹತ್ತು ವರ್ಷ ಈಚಿನದಾಗಿದ್ದರೆ, ರಿಪೇರಿ ಎಲ್ಲಿ ನಡೆದಿತ್ತೆಂಬುದು ಗೊತ್ತಾಯಿತು. ದೋಷದ ಹುಡುಕಾಟವನ್ನು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಏನನ್ನೂ ಮುಟ್ಟುವ ಮೊದಲು ಎಲ್ಲ ಕೋನಗಳಿಂದ ಫೋಟೊ ತೆಗೆದುಕೊಳ್ಳಿ.

## ಗಿಟಾರಿನ ತಂತಿ ಮುಟ್ಟಿದರೆ ಜುಮ್ಮೆನ್ನುತ್ತದೆ

ಇದು ಎಲ್ಲಕ್ಕಿಂತ ಅಪಾಯದ ಲಕ್ಷಣ. ಆ ಕ್ಷಣವೇ ಪ್ಲಗ್ ಕಿತ್ತುಬಿಡಿ.

ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು. ಮೊದಲನೆಯದು, ಎರಡು ತಂತಿಯ ಹಳೆಯ ಮೇನ್ಸ್ ವಯರು ಮತ್ತು ಮೇನ್ಸ್‌ನ ಒಂದು ಬದಿಯಿಂದ ಚಾಸಿಸ್‌ಗೆ ಜೋಡಿಸಿದ 0.047 ಮೈಕ್ರೊಫ್ಯಾರಡ್ ಆಸುಪಾಸಿನ ಕೆಪಾಸಿಟರ್. ಅದು ಸೋರತೊಡಗಿದರೆ ಚಾಸಿಸ್‌ಗೂ, ಅಲ್ಲಿಂದ ಗಿಟಾರಿನ ತಂತಿಗೂ ಮೇನ್ಸ್ ಹರಿಯುತ್ತದೆ. ಅದನ್ನು ತೆಗೆದು, ಅರ್ತ್ ಇರುವ ಮೂರು ತಂತಿಯ ವಯರು ಹಾಕಿಸಬೇಕು. ಅರ್ತ್ ತಂತಿಗೆ ಚಾಸಿಸ್‌ನಲ್ಲಿ ಪ್ರತ್ಯೇಕ ಬೋಲ್ಟ್ ಇರಬೇಕು, ಫೇಸ್ ತಂತಿ ಮೊದಲು ಫ್ಯೂಸಿಗೆ, ಆಮೇಲೆ ಸ್ವಿಚ್ಚಿಗೆ ಹೋಗಬೇಕು. ಫ್ಯೂಸೇ ಇಲ್ಲದ ಆಂಪ್‌ಗಳೂ ಇವೆ, ಅವಕ್ಕೆ ಫ್ಯೂಸ್ ಕೂಡಿಸಬೇಕು. ಮೂಲರೂಪ ಕೆಡಿಸಬಾರದೆಂದು ವಾದಿಸುವ ನನ್ನಂಥವರೂ ಇಲ್ಲಿ ಎರಡು ಮಾತಾಡುವುದಿಲ್ಲ: ಈ ಬದಲಾವಣೆ ಆಗಲೇಬೇಕು.

ಎರಡನೆಯದು ಇನ್ನೂ ಕೆಟ್ಟದ್ದು. ಕಲಿಯುವ ಮಕ್ಕಳಿಗೆಂದು ಅಗ್ಗವಾಗಿ ಮಾಡಿದ ಕೆಲವು ಪುಟ್ಟ ಆಂಪ್‌ಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇಲ್ಲ, ಮೇನ್ಸ್ ನೇರವಾಗಿ ಸರ್ಕ್ಯೂಟಿಗೆ ಹೋಗುತ್ತದೆ. ವಾಲ್ವ್‌ನ ಹೆಸರಿನಿಂದಲೇ ಇದನ್ನು ಪತ್ತೆ ಮಾಡಬಹುದು. ಅಮೆರಿಕದ ಪದ್ಧತಿಯಲ್ಲಿ ಹೆಸರಿನ ಮೊದಲ ಸಂಖ್ಯೆ ಹೀಟರಿನ (ವಾಲ್ವ್‌ನೊಳಗೆ ಕಾಯುವ ತಂತುವಿನ) ವೋಲ್ಟೇಜು ಸೂಚಿಸುತ್ತದೆ. 6ವಿ6, 6ಎಲ್6 ಇದ್ದರೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. 50ಸಿ5, 50ಎಲ್6, 35ಡಬ್ಲ್ಯು4, 35ಝಡ್5 ಕಂಡರೆ ಹೀಟರುಗಳನ್ನೆಲ್ಲ ಸರಣಿಯಲ್ಲಿ ಪೋಣಿಸಿ ಮೇನ್ಸ್‌ಗೆ ಕಟ್ಟಿರುವ ಸಾಧ್ಯತೆ ಹೆಚ್ಚು. ಯುರೋಪಿನಲ್ಲಿ ‘ಯು’ ಅಕ್ಷರದಿಂದ ಆರಂಭವಾಗುವ ಯುಎಲ್84, ಯುಸಿಎಲ್82 ವಾಲ್ವ್‌ಗಳೂ ಅದೇ ಜಾತಿಯವು. ಇಂಥ ಆಂಪನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನುಡಿಸಲೂಬಾರದು, ಪರೀಕ್ಷಿಸಲೂಬಾರದು.

## ಜೀವವೇ ಇಲ್ಲ

ಗೋಡೆಯ ಸಾಕೆಟ್, ವಯರು, ಫ್ಯೂಸ್, ಸ್ವಿಚ್ಚು, ಇದೇ ಕ್ರಮದಲ್ಲಿ ನೋಡುತ್ತಾ ಹೋಗಿ. ಫ್ಯೂಸನ್ನು ಕಣ್ಣಿನಿಂದ ನಂಬದೆ ಮೀಟರಿನಿಂದ ಪರೀಕ್ಷಿಸಿ. ಹೀಟರುಗಳು ಸರಣಿಯಲ್ಲಿದ್ದರೆ ಒಂದು ವಾಲ್ವ್ ಸುಟ್ಟರೂ ಎಲ್ಲವೂ ಆರುತ್ತವೆ. ಪವರ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುರುಳಿಯಲ್ಲಿ (ವಿದ್ಯುತ್ ಒಳಬರುವ ಕಡೆಯದು) ಓಮ್ ಮೀಟರ್ ಏನನ್ನೂ ತೋರಿಸದಿದ್ದರೆ ಸುರುಳಿ ಕಡಿದಿದೆ. ಅದನ್ನು ಎಸೆಯದೆ ಹೊಸದಾಗಿ ಸುತ್ತಿಸಬಹುದು.

## ಫ್ಯೂಸ್ ಹೋಗುತ್ತಲೇ ಇದೆ

ದೊಡ್ಡ ಫ್ಯೂಸ್ ಹಾಕಿ ನೋಡುವುದು ಪರೀಕ್ಷೆಯಲ್ಲ, ಅದು ಟ್ರಾನ್ಸ್‌ಫಾರ್ಮರನ್ನು ಬಲಿ ಕೊಡುವ ಕೆಲಸ. ಬಲ್ಬ್ ಸರಣಿಯಲ್ಲಿರುವಾಗ ಎಲ್ಲ ವಾಲ್ವ್‌ಗಳನ್ನೂ ತೆಗೆದು ಆಂಪ್ ಹಚ್ಚಿ. ಆಗಲೂ ಬಲ್ಬ್ ಪೂರ್ತಿ ಬೆಳಗಿದರೆ ತಪ್ಪು ಪವರ್ ಟ್ರಾನ್ಸ್‌ಫಾರ್ಮರಿನಲ್ಲಿ, ಹೀಟರ್ ತಂತಿಗಳಲ್ಲಿ ಅಥವಾ ಮೇನ್ಸ್ ಬದಿಯ ಕೆಪಾಸಿಟರಿನಲ್ಲಿದೆ. ಮಂಕಾಗಿದ್ದರೆ ಆರಿಸಿ, ಎ.ಸಿ.ಯನ್ನು ಡಿ.ಸಿ. ಮಾಡುವ ರೆಕ್ಟಿಫೈಯರ್ ವಾಲ್ವ್ ಒಂದನ್ನೇ ಹಾಕಿ ಸ್ವಲ್ಪ ಹೊತ್ತು ನೋಡಿ. ಈಗ ಬೆಳಗಿದರೆ ಆ ವಾಲ್ವ್‌ನಲ್ಲೇ ಷಾರ್ಟ್ ಇದೆ ಅಥವಾ ಫಿಲ್ಟರ್ ಕೆಪಾಸಿಟರ್ ಕೆಟ್ಟಿದೆ. ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ವಾಲ್ವ್ ಹಾಕಿದ ಮೇಲಷ್ಟೇ ಬೆಳಗಿದರೆ ದೋಷ ಆ ವಾಲ್ವ್‌ನಲ್ಲೋ ಅದರ ಬಯಾಸ್‌ನಲ್ಲೋ (ವಾಲ್ವ್‌ನ ಕರೆಂಟನ್ನು ಹದದಲ್ಲಿಡುವ ವೋಲ್ಟೇಜು) ಇರುತ್ತದೆ. ಪ್ರತಿ ಹಂತದಲ್ಲೂ ಆರಿಸಿ, ಕೆಪಾಸಿಟರ್‌ಗಳನ್ನು ಬರಿದು ಮಾಡಿ, ಆಮೇಲೆ ಮುಂದಿನದು.

ಡಾಂಬರು ಸುಟ್ಟ ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಿ, ಅದು ಟ್ರಾನ್ಸ್‌ಫಾರ್ಮರಿನದು. ಕೊಳೆತ ವಾಸನೆ ಬಂದರೆ ಸೆಲೆನಿಯಮ್ ರೆಕ್ಟಿಫೈಯರ್ ಸುಟ್ಟಿರಬಹುದು. ಅದರ ಹೊಗೆ ವಿಷ. ಕಿಟಕಿ ತೆರೆದು ಹೊರಗೆ ಬನ್ನಿ.

## ದೀಪ ಹತ್ತುತ್ತದೆ, ದನಿಯಿಲ್ಲ

ಮೊದಲು ಬೇರೆ ಗಿಟಾರ್, ಬೇರೆ ಕೇಬಲ್. ಹಳೆಯ ಇನ್‌ಪುಟ್ ಜಾಕ್‌ಗಳಲ್ಲಿ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ತಗಡಿನ ಎಲೆ ಇರುತ್ತದೆ. ಕೇಬಲ್ ಚುಚ್ಚಿದಾಗ ಅದು ಸರಿಯಬೇಕು. ಕಿಲುಬು ಹಿಡಿದು ಅಲ್ಲೇ ಅಂಟಿಕೊಂಡರೆ ಸಿಗ್ನಲ್ ನೆಲಕ್ಕಿಳಿದುಬಿಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಕೇಬಲನ್ನು ಹತ್ತಾರು ಬಾರಿ ಒಳಗೆ ಹೊರಗೆ ಆಡಿಸಿ.

ನಂತರ ಸ್ಪೀಕರ್. ಅದರ ತಂತಿಗಳನ್ನು ಬಿಡಿಸಿ ಓಮ್ ಅಳೆಯಿರಿ. 8 ಓಮ್ ಸ್ಪೀಕರ್ 6ರಿಂದ 7 ತೋರಿಸಿದರೆ ಸರಿಯಾಗಿದೆ. ಸ್ಪೀಕರಿಗೆ ಎರಡರ ಬದಲು ನಾಲ್ಕು ತಂತಿ ಹೋಗಿದ್ದರೆ ಎಚ್ಚರ. 1930, 40ರ ದಶಕದ ಆಂಪ್‌ಗಳಲ್ಲಿ ಶಾಶ್ವತ ಅಯಸ್ಕಾಂತದ ಬದಲು ಫೀಲ್ಡ್ ಕಾಯಿಲ್ ಇರುವ ಸ್ಪೀಕರ್ ಬಳಸುತ್ತಿದ್ದರು. ಆಂಪಿನ ಹೈ ವೋಲ್ಟೇಜೇ ಆ ಸುರುಳಿಯ ಮೂಲಕ ಹಾದು ಬರುತ್ತದೆ. ಸ್ಪೀಕರ್ ಪ್ಲಗ್‌ನಲ್ಲೇ ನೂರಾರು ವೋಲ್ಟ್ ಇರುತ್ತದೆ. ಸುರುಳಿ ಕಡಿದರೆ ಇಡೀ ಆಂಪಿಗೆ ಹೈ ವೋಲ್ಟೇಜು ನಿಂತುಹೋಗುತ್ತದೆ. ಅಂಥ ಸ್ಪೀಕರ್ ತೆಗೆದು ಸಾಮಾನ್ಯ ಸ್ಪೀಕರ್ ಹಾಕಿದವರು, ಫೀಲ್ಡ್ ಕಾಯಿಲ್ ಇದ್ದ ಜಾಗಕ್ಕೆ ಚೋಕ್ ಅಥವಾ ರೆಸಿಸ್ಟರ್ ಹಾಕಬೇಕಾದದ್ದನ್ನು ಮರೆತಿರುತ್ತಾರೆ.

ಔಟ್‌ಪುಟ್ ವಾಲ್ವ್‌ನೊಳಗಿನ ಸ್ಕ್ರೀನ್ ಗ್ರಿಡ್‌ನ ಸಣ್ಣ ತಂತಿ ಸುರುಳಿ ಕೆಂಪಗೆ ಕಾದಂತೆ ಕಂಡು, ದನಿ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಕಡಿದಿರುವ ಸೂಚನೆ. ಪ್ಲೇಟಿಗೆ (ವಾಲ್ವ್‌ನೊಳಗಿನ ಬೂದು ತಗಡಿಗೆ) ವೋಲ್ಟೇಜು ತಲುಪದೆ ಎಲ್ಲ ಕರೆಂಟೂ ಸ್ಕ್ರೀನಿನ ಮೇಲೆ ಬಿದ್ದಿರುತ್ತದೆ. ತಕ್ಷಣ ಆರಿಸಿ.

ಅಪರೂಪದ ವಾಲ್ವ್‌ಗಳ ಬಗ್ಗೆ ಇಲ್ಲೇ ಒಂದು ಮಾತು. ಸುಪ್ರೊದ ಕೆಲವು ಮಾದರಿಗಳಲ್ಲಿರುವ 6973 ನೋಡಲು ಇಎಲ್84ರಂತೆಯೇ ಇದೆ, ಅದೇ ಒಂಬತ್ತು ಪಿನ್ನಿನ ಸಾಕೆಟ್ಟಿನಲ್ಲಿ ಕೂರುತ್ತದೆ, ಆದರೆ ಪಿನ್ನುಗಳ ಜೋಡಣೆ ಬೇರೆ. ಗಿಬ್ಸನ್‌ನ 1960ರ ದಶಕದ ಆಂಪ್‌ಗಳಲ್ಲಿ ಬರುವ 6ಇಯು7 ಗುಣದಲ್ಲಿ 12ಎಎಕ್ಸ್7ರಂತೆ, ಪಿನ್ನುಗಳಲ್ಲಿ ಬೇರೆ. ಹಿಂದಿನವರು ಕೈಗೆ ಸಿಕ್ಕಿದ್ದನ್ನು ತುರುಕಿರಬಹುದು. ವಾಲ್ವ್ ಕೂತಿದೆ ಎಂದಮಾತ್ರಕ್ಕೆ ಅದು ಅಲ್ಲಿಯದೇ ಎಂದು ನಂಬಬೇಡಿ. ಒಳಗಿನ ಕಾಗದವನ್ನೋ ಸಾಕೆಟ್ಟಿನ ತಂತಿಗಳನ್ನೋ ನೋಡಿ ಖಚಿತಪಡಿಸಿಕೊಳ್ಳಿ.

## ಗುಂಯ್‌ಗುಟ್ಟುತ್ತದೆ

ಇಲ್ಲಿ ಗಿಟಾರೇ ಅಳತೆಗೋಲು. ಮೇನ್ಸ್ 50 ಹರ್ಟ್ಸ್ ಇರುವಲ್ಲಿ ಫಿಲ್ಟರ್ ಕೆಪಾಸಿಟರ್ ಸತ್ತರೆ 100 ಹರ್ಟ್ಸ್‌ನ ಗುಂಯ್ ಬರುತ್ತದೆ. ಅದು ಆರನೆಯ ತಂತಿಯ ಮೂರನೆಯ ಫ್ರೆಟ್‌ನ ಸ್ವರಕ್ಕೆ, ಅಂದರೆ 98 ಹರ್ಟ್ಸ್‌ಗೆ, ತೀರ ಹತ್ತಿರ. ಆ ಸ್ವರ ಮೀಟಿ ಹೋಲಿಸಿ. ಹೊಂದಿದರೆ ದೋಷ ಫಿಲ್ಟರ್‌ಗಳ ಕಡೆ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿನ, ಮೃದುವಾದ ಗುಂಯ್ ಆದರೆ ಅದು 50 ಹರ್ಟ್ಸ್, ಅಂದರೆ ಹೀಟರ್ ತಂತಿ, ಅರ್ತಿಂಗ್ ಅಥವಾ ವಾಲ್ವ್‌ನೊಳಗಿನ ಸೋರಿಕೆ. ಮೇನ್ಸ್ 60 ಹರ್ಟ್ಸ್ ಇರುವಲ್ಲಿ ಇವು 120 ಮತ್ತು 60. 120 ಹರ್ಟ್ಸ್ ಐದನೆಯ ತಂತಿಯ ಒಂದು ಮತ್ತು ಎರಡನೆಯ ಫ್ರೆಟ್‌ಗಳ ನಡುವೆ ಬೀಳುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಆಂಪ್‌ಗಳಿಗೆ ಈ ಲೆಕ್ಕ ಹಿಡಿಯದು. ಅಲ್ಲಿ ಅರ್ಧ ತರಂಗವನ್ನಷ್ಟೇ ಬಳಸುವುದರಿಂದ ಫಿಲ್ಟರ್ ಕೆಟ್ಟರೂ 50 ಅಥವಾ 60 ಹರ್ಟ್ಸೇ ಕೇಳಿಸುತ್ತದೆ.

ಎರಡನೆಯ ಪರೀಕ್ಷೆ ವಾಲ್ಯೂಮ್ ಕಂಟ್ರೋಲಿನದು. ಗಿಟಾರ್ ಕಿತ್ತು ವಾಲ್ಯೂಮ್ ತಿರುಗಿಸಿ. ಗುಂಯ್ ಏರಿಳಿದರೆ ಮೂಲ ಕಂಟ್ರೋಲಿಗಿಂತ ಹಿಂದೆ, ಮೊದಲ ವಾಲ್ವ್‌ನ ಸುತ್ತ ಇದೆ. ಏರಿಳಿಯದಿದ್ದರೆ ಅದರ ಮುಂದೆ, ಇಲ್ಲವೇ ಪವರ್ ಸಪ್ಲೈಯಲ್ಲಿ. ಗಿಟಾರ್ ಹಾಕಿದಾಗ ಮಾತ್ರ ಬಂದರೆ ಆಂಪನ್ನು ಬಿಚ್ಚಬೇಡಿ, ಕೇಬಲ್ ನೋಡಿ.

ಮೂರನೆಯದಾಗಿ, ಮೊದಲ ವಾಲ್ವ್‌ನಿಂದ ಆರಂಭಿಸಿ ಪ್ರೀಆಂಪ್ ವಾಲ್ವ್‌ಗಳನ್ನು (ಗಿಟಾರಿನ ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವವು) ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಗುಂಯ್ ನಿಲ್ಲುತ್ತದೋ ದೋಷ ಆ ಹಂತದಲ್ಲೋ ಅದಕ್ಕಿಂತ ಹಿಂದೋ ಇದೆ. ಸರಣಿ ಹೀಟರಿನ ಆಂಪ್‌ನಲ್ಲಿ ಈ ಪರೀಕ್ಷೆ ನಡೆಯದು, ಒಂದು ಕಿತ್ತರೆ ಎಲ್ಲವೂ ಆರುತ್ತವೆ.

ಫಿಲ್ಟರ್ ಕೆಪಾಸಿಟರ್ ಉಬ್ಬಿದ್ದರೆ, ತುದಿಯಲ್ಲಿ ಒಸರಿದ ಕಲೆಯಿದ್ದರೆ ಬದಲಿಸಲೇಬೇಕು. ನಲವತ್ತು ವರ್ಷ ದಾಟಿದ ಎಲೆಕ್ಟ್ರೊಲಿಟಿಕ್‌ಗಳನ್ನು (ಈ ಬಗೆಯ ಕೆಪಾಸಿಟರ್‌ಗಳನ್ನು) ಬದಲಿಸುವುದಕ್ಕೆ ನನ್ನ ಆಕ್ಷೇಪವೂ ಇಲ್ಲ, ಅವು ಸವೆಯುವ ಭಾಗಗಳು. ಆದರೆ 20 ಮೈಕ್ರೊಫ್ಯಾರಡ್ ಇದ್ದಲ್ಲಿ 100 ಹಾಕಬೇಡಿ. 5ವೈ3ಯಂಥ ರೆಕ್ಟಿಫೈಯರ್ ವಾಲ್ವ್‌ಗೆ ಮೊದಲ ಕೆಪಾಸಿಟರ್ ತೀರ ದೊಡ್ಡದಾದರೆ ಪ್ರತಿ ಸಲ ಹಚ್ಚಿದಾಗಲೂ ಪೆಟ್ಟು ಬೀಳುತ್ತದೆ. ಅದೇ 5ವೈ3 ಬದಲಿಗೆ ಜಿಝಡ್34 ಹಾಕಿದರೆ ಹೈ ವೋಲ್ಟೇಜು ಏರಿ ಮಿಕ್ಕ ಭಾಗಗಳು ತೊಂದರೆಗೆ ಸಿಲುಕುತ್ತವೆ.

## ಔಟ್‌ಪುಟ್ ವಾಲ್ವ್‌ನ ತಗಡು ಕೆಂಪಾಗುತ್ತದೆ

ವಾಲ್ವ್‌ನ ತುದಿಯಲ್ಲಿ ಕಾಣುವ ಕಿತ್ತಳೆ ಬಣ್ಣದ ಹೀಟರ್ ಬೆಳಕು ಸಹಜ. ಗಾಜಿನೊಳಗಿನ ಬೂದು ತಗಡಿನ ಮೈ ಮೇಲೆ ಮಂಕು ಕೆಂಪು ಮಚ್ಚೆ ಮೂಡಿ ಹರಡುತ್ತಿದ್ದರೆ ಅದು ಸಹಜವಲ್ಲ. ಕೋಣೆಯ ದೀಪ ಆರಿಸಿ ನೋಡಿದರೆ ಬೇಗ ಕಾಣುತ್ತದೆ. ಕಂಡೊಡನೆ ಆಂಪ್ ಆರಿಸಿ.

ಮೊದಲ ಶಂಕೆ, ಗ್ರಿಡ್‌ಗೆ (ವಾಲ್ವ್‌ಗೆ ಸಿಗ್ನಲ್ ಒಳಬರುವ ತುದಿಗೆ) ಬರುವ ಕಪ್ಲಿಂಗ್ ಕೆಪಾಸಿಟರ್ ಮೇಲೆ. ಮೇಣ ಸವರಿದ ಕಾಗದದ ಹಳೆಯ ಕೆಪಾಸಿಟರ್‌ಗಳು ತೇವ ಹೀರಿ, ಹಿಂದಿನ ಹಂತದ ಡಿ.ಸಿ.ಯನ್ನು ಗ್ರಿಡ್‌ಗೆ ಸೋರಿಸುತ್ತವೆ. ಔಟ್‌ಪುಟ್ ವಾಲ್ವ್ ಕಿತ್ತು, ಆಂಪ್ ಹಚ್ಚಿ, ಸಾಕೆಟ್ಟಿನ ಗ್ರಿಡ್ ಪಿನ್ ಮತ್ತು ಚಾಸಿಸ್ ನಡುವೆ ಡಿ.ಸಿ. ಅಳೆಯಿರಿ. ಕ್ಯಾಥೋಡ್ ಬಯಾಸ್ (ಕ್ಯಾಥೋಡ್ ತುದಿಯ ರೆಸಿಸ್ಟರಿನಿಂದ ಬರುವ ಬಯಾಸ್) ಇರುವ ಆಂಪ್‌ನಲ್ಲಿ ಅದು ಸೊನ್ನೆ ಇರಬೇಕು. ಅರ್ಧ ವೋಲ್ಟ್ ಧನ ಕಂಡರೂ ಆ ಕೆಪಾಸಿಟರ್ ಬದಲಿಸಬೇಕು. ಅದೊಂದನ್ನೇ ಬದಲಿಸಿದರೆ ಸಾಕು. ಫಿಕ್ಸೆಡ್ ಬಯಾಸ್ (ಪ್ರತ್ಯೇಕ ಸಪ್ಲೈಯಿಂದ ಬರುವ ಬಯಾಸ್) ಇದ್ದರೆ ಅಲ್ಲಿ ಋಣ ವೋಲ್ಟೇಜು ಇರಬೇಕು. ಇಲ್ಲದಿದ್ದರೆ ಬಯಾಸ್ ಕೆಪಾಸಿಟರ್ ಅಥವಾ ಅದಕ್ಕೆ ವಿದ್ಯುತ್ ಕೊಡುವ ರೆಕ್ಟಿಫೈಯರ್ ಸತ್ತಿದೆ.

ಆಮೇಲೆ ಕ್ಯಾಥೋಡ್ ರೆಸಿಸ್ಟರ್. ಒಂದು ಉದಾಹರಣೆ: ಎರಡು 6ವಿ6ಗಳಿಗೆ ಸೇರಿ 250 ಓಮ್ ರೆಸಿಸ್ಟರ್, ಅದರ ಮೇಲೆ 20 ವೋಲ್ಟ್. ಅಂದರೆ ಒಟ್ಟು 80 ಮಿಲಿಆಂಪಿಯರ್, ಒಂದೊಂದಕ್ಕೆ 40. ಪ್ಲೇಟಿಗೂ ಕ್ಯಾಥೋಡಿಗೂ 300 ವೋಲ್ಟ್ ಅಂತರವಿದ್ದರೆ ತಲಾ 12 ವಾಟ್, ಸರಿಯಾಗಿ 6ವಿ6ರ ಮಿತಿ. ಸ್ಕ್ರೀನಿಗೆ ಹೋಗುವ ಪಾಲನ್ನು ಕಳೆದರೆ ಪ್ಲೇಟಿನದು ಇನ್ನೂ ಸ್ವಲ್ಪ ಕಡಿಮೆ. ಲೆಕ್ಕ ಹಾಕುವ ಮೊದಲು ರೆಸಿಸ್ಟರನ್ನು ತಣ್ಣಗಿರುವಾಗ ಓಮ್‌ನಲ್ಲಿ ಅಳೆಯಿರಿ. ದಶಕಗಳ ಶಾಖಕ್ಕೆ ಅದರ ಬೆಲೆಯೇ ಬದಲಾಗಿರುತ್ತದೆ.

## ಚಿಟಚಿಟ, ಕರಕರ ಸದ್ದು

ಕಂಟ್ರೋಲ್ ತಿರುಗಿಸುವಾಗ ಮಾತ್ರ ಬಂದರೆ ಕ್ಲೀನರ್ ಹಾಕಿ. ಶುಚಿ ಮಾಡಿದರೂ ಹೋಗದಿದ್ದರೆ ಕಂಟ್ರೋಲಿಗೆ ಡಿ.ಸಿ. ಬರುತ್ತಿದೆ, ಅದರ ಹಿಂದಿನ ಕೆಪಾಸಿಟರ್ ಸೋರುತ್ತಿದೆ. ತಾನಾಗಿ ಬರುವ ಚಿಟಚಿಟ ಹೆಚ್ಚಾಗಿ ಪ್ಲೇಟ್ ರೆಸಿಸ್ಟರಿನದು, ಕಂದು ಕೊಳವೆಯಂಥ ಹಳೆಯ ಕಾರ್ಬನ್ 100 ಕಿಲೊಓಮ್‌ಗಳದು. ಒಣ ಬಿದಿರು ಕಡ್ಡಿಯಿಂದ ಒಂದೊಂದನ್ನೇ ಮೆಲ್ಲಗೆ ತಟ್ಟಿ. ಪೆನ್ಸಿಲ್ ಬಳಸಬೇಡಿ, ಅದರ ಸೀಸದ ಮೂಲಕ ವಿದ್ಯುತ್ ಹರಿಯುತ್ತದೆ. ವಾಲ್ವ್ ತಟ್ಟಿದಾಗ ಗಂಟೆಯಂತೆ ಮೊಳಗಿದರೆ ಆ ವಾಲ್ವ್ ಮೈಕ್ರೊಫೋನಿಕ್ ಆಗಿದೆ. ಅದನ್ನು ಎಸೆಯದೆ ಪ್ರೀಆಂಪಿನ ಕೊನೆಯ ಹಂತಕ್ಕೆ ಸ್ಥಳಾಂತರಿಸಿ ನೋಡಿ, ಅಲ್ಲಿ ಬಹಳ ಸಲ ಸುಮ್ಮನಾಗುತ್ತದೆ.

## ಕೀರಲು ದನಿ

ವಾಲ್ವ್‌ಗಳ ಮೇಲಿನ ತಗಡಿನ ಕವಚ ಕಳೆದುಹೋಗಿದೆಯೇ, ರಿಪೇರಿಯಲ್ಲಿ ತಂತಿಗಳು ಜಾಗ ಬದಲಿಸಿವೆಯೇ ನೋಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಿಸಿದ ಕೂಡಲೇ ಶುರುವಾಗಿದ್ದರೆ ಅದರ ಪ್ರೈಮರಿಯ ಎರಡು ತುದಿ ಅದಲುಬದಲಾಗಿವೆ.

## ಟ್ರೆಮೊಲೊ ಮಿಡಿಯುವುದಿಲ್ಲ

ಕೆಲವು ಆಂಪ್‌ಗಳಲ್ಲಿ ಫುಟ್‌ಸ್ವಿಚ್ ಇಲ್ಲದೆ ಟ್ರೆಮೊಲೊ (ದನಿಯ ಗಾತ್ರ ಏರಿಳಿಸುವ ಮಿಡಿತ) ಏಳುವುದೇ ಇಲ್ಲ. ಅದನ್ನು ಮೊದಲು ನೋಡಿ. ವೇಗ ಹೆಚ್ಚಿಸಿದಾಗ ಮಾತ್ರ ಶುರುವಾಗಿ ನಿಧಾನದಲ್ಲಿ ಸಾಯುತ್ತಿದ್ದರೆ ಮಿಡಿತ ಹುಟ್ಟಿಸುವ ಆಸಿಲೇಟರ್ ವಾಲ್ವ್ ದುರ್ಬಲವಾಗಿದೆ ಅಥವಾ ಅದರ ಕ್ಯಾಥೋಡ್ ಕೆಪಾಸಿಟರ್ ಒಣಗಿದೆ. ಆಸಿಲೇಟರಿನ ಸುತ್ತ ಸಾಲಾಗಿ ಮೂರು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಸೋರಿದರೂ ಮಿಡಿತ ನಿಲ್ಲುತ್ತದೆ.

ಮ್ಯಾಗ್ನಟೋನ್‌ನ ವೈಬ್ರಟೊ ಇದಕ್ಕಿಂತ ಭಿನ್ನ. ದನಿಯ ಗಾತ್ರವನ್ನಲ್ಲ, ಸ್ವರದ ಎತ್ತರವನ್ನೇ ತೂಗಿಸುವ ವಿರಳ ಸರ್ಕ್ಯೂಟ್ ಅದು. ವೇರಿಸ್ಟರ್‌ಗಳೆಂಬ ಪುಟ್ಟ ಭಾಗಗಳ ಮೇಲೆ ನಿಂತಿದೆ. ಅವುಗಳ ಗುಣ ಒಂದಕ್ಕೊಂದು ಹೊಂದಿರಬೇಕು, ತದ್ರೂಪ ಬದಲಿ ಸುಲಭವಾಗಿ ಸಿಗುವುದಿಲ್ಲ. ಸುತ್ತಲಿನ ವಾಲ್ವ್ ಮತ್ತು ಕೆಪಾಸಿಟರ್‌ಗಳನ್ನೆಲ್ಲ ಪರೀಕ್ಷಿಸುವವರೆಗೆ ಅವುಗಳ ಬಳಿ ಬೆಸುಗೆ ಕಡ್ಡಿ ಒಯ್ಯಬೇಡಿ.

## ತಜ್ಞರಿಗೆ ಒಪ್ಪಿಸುವಾಗ

ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ, ಆಂಪಿಗೆ ಪವರ್ ಟ್ರಾನ್ಸ್‌ಫಾರ್ಮರೇ ಇಲ್ಲದಿದ್ದರೆ, ಮೈಗೆ ಷಾಕ್ ತಗುಲಿದ್ದರೆ, ಅಳತೆಗಳು ಅರ್ಥವಾಗದಿದ್ದರೆ ಮುಂದುವರಿಯಬೇಡಿ. ವಾಲ್ವ್ ಕೆಲಸ ಗೊತ್ತಿರುವವರನ್ನೇ ಹುಡುಕಿ. ‘ಕೆಟ್ಟಿದೆ’ ಎಂದಷ್ಟೇ ಹೇಳದೆ ಲಕ್ಷಣವನ್ನು ಬರೆದು ಕೊಡಿ: ಹಚ್ಚಿದ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಬಿಸಿಯಾದ ಮೇಲೆ ಹೆಚ್ಚುತ್ತದೆಯೇ, ವಾಲ್ಯೂಮಿಗೆ ಸ್ಪಂದಿಸುತ್ತದೆಯೇ, ಯಾವ ವಾಲ್ವ್ ಕಿತ್ತಾಗ ನಿಂತಿತು. ಮೊದಲೇ ತೆಗೆದ ಫೋಟೊಗಳನ್ನೂ ಕೊಡಿ. ಬದಲಿಸಿದ ಪ್ರತಿ ಹಳೆಯ ಭಾಗವನ್ನೂ ವಾಪಸು ಕೇಳಿ ಪಡೆಯಿರಿ. ಯಾವ ಜಾಗದ್ದೆಂದು ಚೀಟಿ ಬರೆದು, ಪೊಟ್ಟಣ ಕಟ್ಟಿ, ಪೆಟ್ಟಿಗೆಯೊಳಗೆ ವಾಲ್ವ್‌ಗಳ ಬಿಸಿ ತಾಗದ ಮೂಲೆಯಲ್ಲಿಡಿ.